ನಾಗವೇಣಿಯ ಮೊದಲ ಆಪ್ಷನ್

ಮೊನ್ನೆ ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತಿದ್ದಾಗ ಮೊಬೈಲಿಗೊಂದು ಮೆಸೇಜು ಬಂತು. ಒಂದು ಹುಡುಗಿಯ ಹೆಸರು, ಹುಟ್ಟಿದ ವರ್ಷ, ಕೊನೆಗೊಂದು ಸ್ಟಾರು. ಪಾಸ್‌ವರ್ಡು ಎಂದು ತಿಳಿಯಲು ಹೊತ್ತು ಹಿಡಿಯಲಿಲ್ಲ. ಹಿಂದೆಯೇ ಫೋನು. "ನನ್ನ ನಾದಿನಿ ಪಲ್ಲವೀದು ಕಣೇ. ಸಿಇಟಿ ಆಪ್ಷನ್ ಹಾಕ್ಬೇಕಂತೆ, ಸೋಮವಾರ ಕೊನೇ ದಿನ. ಅದೆಲ್ಲಾ ನಿಂಗೆ ಗೊತ್ತಲ್ಲ, ನೀನೇ ಹಾಕ್ಬಿಡು."

ಮಾತಾಡಿದವಳು ನಾಗವೇಣಿ, ನನ್ನ ದೊಡ್ಡಪ್ಪನ ಮಗಳು. ಅವಳನ್ನು ಕೆಂಚಾರ್ಲಹಳ್ಳಿಗೆ ಕೊಟ್ಟಿದ್ದಾರೆ. ಹೂಂ ಅಂದು ಫೋನಿಟ್ಟೆ. ಕೈ ತೊಳೆಯಲು ಹೋದವಳು ನಲ್ಲಿ ಬಿಟ್ಟುಕೊಂಡು ಸುಮ್ಮನೆ ನಿಂತುಬಿಟ್ಟೆ. ಹನ್ನೊಂದು ವರ್ಷದ ಹಿಂದೆ ಹೀಗೆಯೇ ತನ್ನ ಪಾಸ್‌ವರ್ಡನ್ನೂ ಅವಳು ನನ್ನ ಕೈಗಿಟ್ಟಿದ್ದಳು. ಆಮೇಲೆ ನಾನು ಮಾಡಿದ್ದನ್ನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ನಿಮಗೆ ಹೇಳುತ್ತೇನೆ, ಮುಖ ನೋಡಿ ಹೇಳಬೇಕಾಗಿಲ್ಲವಲ್ಲ.

ಶಿಡ್ಲಘಟ್ಟದ ಹತ್ತಿರದ ಹಳ್ಳಿ ನಮ್ಮದು. ಒಂದೇ ಮನೆ, ಒಂದೇ ಒಲೆ, ಹಿತ್ತಲಲ್ಲಿ ರೇಷ್ಮೆ ಹುಳದ ಮನೆ. ನಾನೂ ನಾಗವೇಣಿಯೂ ಒಂದೇ ತರಗತಿ. ಆದರೆ ನಾನು "ಓದೋಳು", ಅವಳು "ಕೈಗಾಗೋಳು". ಹೀಗೆಂದು ಯಾರು ತೀರ್ಮಾನ ಮಾಡಿದರೋ ಗೊತ್ತಿಲ್ಲ, ನಾನಂತೂ ತಕರಾರು ತೆಗೆಯಲಿಲ್ಲ. ಅವಳು ಹುಳಕ್ಕೆ ಸೊಪ್ಪು ಹರಡುತ್ತಲೇ ಗೋಡೆಗೆ ಆನಿಸಿಟ್ಟ ಪುಸ್ತಕದಲ್ಲಿ ಜೀವಶಾಸ್ತ್ರ ಓದುತ್ತಿದ್ದಳು. ಪುಟ ತಿರುಗಿಸಲು ಕೈ ಬಿಡುವಿಲ್ಲದಿದ್ದರೆ ಅದೇ ಪುಟವನ್ನು ಎರಡು ಸಲ ಓದುತ್ತಿದ್ದಳು.

ದ್ವಿತೀಯ ಪಿಯುಸಿ ಪರೀಕ್ಷೆ ಹತ್ತಿರ ಬಂದಂತೆ ಮನೆಯಲ್ಲಿ ಹುಳಕ್ಕೂ ನನಗೂ ಒಂದೇ ಮರ್ಯಾದೆ. ಹತ್ತಿರ ಗಲಾಟೆ ಮಾಡುವಂತಿಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ, ಹೊತ್ತಿಗೆ ಸರಿಯಾಗಿ ತಿನ್ನಲು ಕೊಡಬೇಕು. ಹುಳಗಳು ತಿಂದಿದ್ದಕ್ಕೆ ಗೂಡು ಕಟ್ಟುತ್ತಿದ್ದವು, ನಾನು ಹೆದರಿ ಹೆದರಿ ತಿಂದಿದ್ದನ್ನು ವಾಂತಿ ಮಾಡುತ್ತಿದ್ದೆ. ಅಮ್ಮ ಕೈವಾರಕ್ಕೆ ಹರಕೆ ಹೊತ್ತಳು. ಸೀಟು ಸಿಗದಿದ್ದರೆ ಏನು ಮುಖ ತೋರಿಸುವುದು ಎನ್ನುವುದೊಂದೇ ನನ್ನ ತಲೆಯಲ್ಲಿತ್ತು. ಇಷ್ಟು ವರ್ಷ ಒಂದು ಚೊಂಬು ನೀರು ಹೊರದೆ ಕೂತು ತಿಂದವಳಿಗೆ ಸೋಲುವ ಹಕ್ಕಿಲ್ಲ ಅನಿಸುತ್ತಿತ್ತು.

ಕೃಷಿ ಓದುವ ಕಾಲೇಜುಗಳಲ್ಲಿ ರೈತರ ಮಕ್ಕಳಿಗೆಂದು ಒಂದಷ್ಟು ಸೀಟು ಬೇರೆ ಇಟ್ಟಿರುತ್ತಾರೆ. ಅದಕ್ಕೊಂದು ಪ್ರಾಕ್ಟಿಕಲ್ ಪರೀಕ್ಷೆ: ಮೇಜಿನ ಮೇಲಿಟ್ಟ ಬೀಜ, ಗೊಬ್ಬರ, ಸಲಕರಣೆ ನೋಡಿ ಗುರುತಿಸಬೇಕು. ನಾನೋ, ನವಣೆಗೂ ಸಾಮೆಗೂ ವ್ಯತ್ಯಾಸ ತಿಳಿಯದ ರೈತನ ಮಗಳು. ನಾಗವೇಣಿ ಒಂದು ವಾರ ಪ್ರತಿದಿನ ಹುಳದ ಮನೆಯ ಬಾಗಿಲಲ್ಲಿ ನನ್ನನ್ನು ಕೂರಿಸಿಕೊಂಡು, ಕಣ್ಣಿಗೆ ಟವೆಲ್ ಕಟ್ಟಿ, ಅಂಗೈಗೆ ಕಾಳು ಹಾಕುತ್ತಿದ್ದಳು. "ಕಣ್ಣಲ್ಲಿ ನೋಡಿದ್ರೆ ಗಾಬರೀಲಿ ಮರೆತೋಗ್ತೀಯ. ಬೆರಳಿಗೆ ಗೊತ್ತಾಗ್ಲಿ" ಅನ್ನುತ್ತಿದ್ದಳು. ಪರೀಕ್ಷೆಗೆ ಇಬ್ಬರೂ ಹೋದೆವು. ಅಂದು ನಿಜವಾಗಿಯೂ ನನ್ನ ತಲೆ ಖಾಲಿಯಾಯಿತು. ಕಣ್ಣು ಮುಚ್ಚಿ ಹುಚ್ಚೆಳ್ಳನ್ನು ಮುಟ್ಟಿ ನೋಡಿ ಬರೆದೆ.

ರ‍್ಯಾಂಕ್ ಬಂತು. ಅವಳದು ನನಗಿಂತ ಸ್ವಲ್ಪ ಮುಂದೆ. ಮನೆಯಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಒಳಗೆ ಹೋಗಿ ಅವಳ ನಂಬರನ್ನೂ ನನ್ನ ನಂಬರನ್ನೂ ಮತ್ತೆ ಎರಡು ಸಲ ನೋಡಿದೆ.

ಇಬ್ಬರಿಗೂ ಬೇಕಾಗಿದ್ದು ಚಿಂತಾಮಣಿಯ ರೇಷ್ಮೆ ಕಾಲೇಜು. ಮನೆಯಿಂದ ಬಸ್ಸಿನಲ್ಲಿ ಹೋಗಿಬರಬಹುದು. ಆಪ್ಷನ್ ಹಾಕುವ, ಅಂದರೆ ಬೇಕಾದ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಬರೆಯುವ, ಕೊನೆಯ ದಿನವೇ ಹುಳ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದವು. ಹಣ್ಣಾದ ಹುಳವನ್ನು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುವುದು ಒಂದು ಗಂಟೆ ತಡವಾದರೂ ನೂಲು ಹಾಳು. ಅಂಥ ದಿನ ನಮ್ಮಲ್ಲಿ ಮದುವೆಯಿದ್ದರೂ ಯಾರೂ ಹೊರಡುವುದಿಲ್ಲ. ನಾನು ಹೊರಡಬಹುದಿತ್ತು. ನಾಗವೇಣಿ ಪಾಸ್‌ವರ್ಡು ಬರೆದ ಒಂದು ಚೀಟಿ ತಂದುಕೊಟ್ಟು, "ನಂಗೆ ಬರಕ್ಕಾಗಲ್ಲ ಕಣೇ. ನಂದೂ ನೀನೇ ಹಾಕ್ಬಿಡು. ಚಿಂತಾಮಣಿ ಮೊದಲು" ಅಂದಳು.

ಶಿಡ್ಲಘಟ್ಟದ ಕಂಪ್ಯೂಟರ್ ಅಂಗಡಿಯಲ್ಲಿ ಮೊದಲು ನನ್ನದು ಹಾಕಿದೆ, ಚಿಂತಾಮಣಿ ಮೊದಲು. ಆಮೇಲೆ ಅವಳದು ತೆರೆದೆ. ಅಲ್ಲಿ ಒಂದೇ ಸೀಟು ಉಳಿದಿದ್ದರೆ? ರ‍್ಯಾಂಕ್ ಮುಂದಿರುವ ಅವಳಿಗೇ ಹೋಗುತ್ತದೆ. "ಕೈಗಾಗೋಳಿ"ಗೆ ಸೀಟು, "ಓದೋಳಿ"ಗೆ ಇಲ್ಲ. ಒಂದು ದಿನದ ದಾರಿಯಷ್ಟು ದೂರದ ಕಾಲೇಜನ್ನು ಅವಳ ಮೊದಲ ಆಪ್ಷನ್ ಮಾಡಿದೆ, ಚಿಂತಾಮಣಿಯನ್ನು ಎರಡನೆಯದು. ಮೇಲಿನದು ಸಿಕ್ಕಿದರೆ ಕೆಳಗಿನದು ತಾನಾಗಿ ಹೋಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಮನೆಗೆ ಹೋಗಿ "ಹಾಕ್ದೆ ಕಣೇ" ಅಂದೆ, ಅದೇನೂ ಸುಳ್ಳಲ್ಲ.

ನನಗೆ ಚಿಂತಾಮಣಿ ಸಿಕ್ಕಿತು, ಅವಳಿಗೆ ಆ ದೂರದ ಸೀಟು. "ನಿನ್ ರ‍್ಯಾಂಕಿಗೆ ದೊಡ್ಡ ಕಾಲೇಜೇ ಕೊಟ್ಟವ್ರೇನೋ" ಅಂದೆ. ನಂಬಿದಳು. ದೊಡ್ಡಪ್ಪ ಎರಡು ದಿನ ಯೋಚಿಸಿ "ಅಂತ ದೂರಂ ವದ್ದಮ್ಮಾ", ಅಷ್ಟು ದೂರ ಬೇಡಮ್ಮ, ಅಂದುಬಿಟ್ಟರು. ನಮ್ಮ ಕಡೆ ಹಿರಿಯರು ಬೇಡ ಎನ್ನುವುದನ್ನು ತೆಲುಗಿನಲ್ಲಿ ಹೇಳಿದರೆ ಅಲ್ಲಿಗೆ ಮುಗಿಯಿತು. ಅವಳು ಅಳಲಿಲ್ಲ, ಮಾರನೇ ದಿನ ಸೊಪ್ಪು ಕೊಯ್ಯಲು ಹೋದಳು. ನಾನು ಕಾಲೇಜು ಸೇರಿದೆ. ಸೇರಿದ ವಾರವೇ ಗೊತ್ತಾಯಿತು, ರೈತರ ಮಕ್ಕಳ ಸೀಟಿನಲ್ಲಿ ಇನ್ನೂ ಎರಡು ಖಾಲಿ ಉಳಿದಿದ್ದವು. ಇಬ್ಬರಿಗೂ ಸಿಗುತ್ತಿತ್ತು.

ಈಗ ನನ್ನದು ಸರ್ಕಾರಿ ನೌಕರಿ. ಹಳ್ಳಿ ಹಳ್ಳಿ ತಿರುಗಿ ಹೆಂಗಸರಿಗೆ ಹುಳ ಸಾಕುವುದು ಹೇಗೆಂದು ಹೇಳಿಕೊಡುತ್ತೇನೆ, ನಾಚಿಕೆಯಿಲ್ಲದೆ.

ಭಾನುವಾರ ಕೆಂಚಾರ್ಲಹಳ್ಳಿಗೆ ಹೋದೆ. ಪಲ್ಲವಿ ಜಗಲಿಯ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಉಗುರು ಕಚ್ಚುತ್ತಿದ್ದಳು. ನಾಗವೇಣಿ ಹುಳದ ಮನೆಯಲ್ಲಿದ್ದಳು. ಬಾಗಿಲಲ್ಲಿ ನಿಂತು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದೆ. ಅವಳು ಕೈಲಿದ್ದ ಸೊಪ್ಪನ್ನು ಪೂರ್ತಿ ಹರಡಿ ಮುಗಿಸಿದಳು.

"ಅಪ್ಪಂಗೆ ಹೇಳಿದ್ಯಾ?"

ದೊಡ್ಡಪ್ಪ ಹೋದ ವರ್ಷ ತೀರಿಕೊಂಡರು. ಇಲ್ಲ ಅಂದೆ.

"ಆಸ್ಪತ್ರೇಲಿ ನನ್ನ ಕೈ ಹಿಡ್ಕೊಂಡು ಅದೊಂದೇ ಮಾತು. 'ಅವತ್ತು ನಾನು ಕಳಿಸಿದ್ರೆ ನೀನೂ ಅವಳಂಗೇ ಆಗಿರ್ತಿದ್ದೆ, ನಾನೇ ನಿನ್ನ ಹಾಳು ಮಾಡ್ದೆ' ಅಂತ. ಬಿಡಪ್ಪ, ಬಿಡಪ್ಪ ಅಂತ ನಾನು." ಅವಳ ದನಿ ಏರಲಿಲ್ಲ. "ನಂಗೆ ಹೇಳ್ದಿದ್ರೂ ಪರವಾಗಿರ್ಲಿಲ್ಲ ಕಣೇ. ಅವರಿಗೊಂದು ಮಾತು ಹೇಳ್ಬೇಕಿತ್ತು."

ನಾನು ಕ್ಷಮೆ ಕೇಳಬೇಕಾದವರ ಲೆಕ್ಕದಲ್ಲಿ ದೊಡ್ಡಪ್ಪ ಇದ್ದಾರೆಂದು ಇಷ್ಟು ವರ್ಷದಲ್ಲಿ ಒಂದು ಸಲವೂ ನನಗೆ ಹೊಳೆದಿರಲಿಲ್ಲ.

ಅವಳು ಕೈ ತೊಳೆದು ಸೆರಗಿಗೆ ಒರೆಸಿಕೊಂಡು ಹೊರಗೆ ಬಂದು ಪಲ್ಲವಿಯ ಪಕ್ಕ ಕೂತಳು. "ನೀನೇ ಹಾಕಮ್ಮ. ಒಂದೊಂದೂ ಗಟ್ಟಿಯಾಗಿ ಓದು, ನಾನು ನೋಡ್ತೀನಿ." ಪಲ್ಲವಿ ಓದುತ್ತಾ ಹೋದಳು. ನಾಗವೇಣಿ ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ನೋಡುತ್ತಿದ್ದಳು. ಒಂದು ಕಡೆ ಅನುಮಾನ ಬಂದು ಪಲ್ಲವಿ ನನ್ನತ್ತ ತಿರುಗಿದಳು.

"ಅಕ್ಕಾ, ಇದನ್ನ ಮೇಲೆ ಹಾಕ್ಲಾ, ಕೆಳಗೆ ಹಾಕ್ಲಾ?"

ನಾನು ಹೇಳಲು ಬಾಯಿ ತೆರೆದೆ.

"ಅವಳನ್ನ ಕೇಳ್ಬೇಡ," ಅಂದಳು ನಾಗವೇಣಿ, ಮೆಲ್ಲಗೆ, ತಲೆಯೆತ್ತದೆ.

ನಾನು ಜಗಲಿಯ ತುದಿಗೆ ಸರಿದು ಕೂತೆ. ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು.