ದೀಪ ಬಾಗಬೇಕು, ಆರಬಾರದು

ಪತ್ತಾರಣ್ಣನವರ ತುಟಿಗಳು ಯಾವಾಗಲೂ ಮುಂದಕ್ಕೆ ಚಾಚಿಕೊಂಡೇ ಇರುತ್ತಿದ್ದವು, ಬಿಸಿ ಚಹಾಕ್ಕೆ ಊದುವವರ ಹಾಗೆ. ಬಾಗಿಲಲ್ಲಿ ಕೂತು ತೂಕಡಿಸುವಾಗಲೂ ಹಾಗೇ. ನಲವತ್ತು ವರ್ಷ ಮುಂಬಯಿಯ ದಾದರಿನ ಒಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಹಿತ್ತಾಳೆಯ ಊದುಗೊಳವೆಯಿಂದ ದೀಪದ ಉರಿಯನ್ನು ಬಂಗಾರದ ಮೇಲೆ ಬಾಗಿಸಿ ಬೆಸುಗೆ ಹಾಕಿದ ಬಾಯಿ ಅದು. ಕೆಲಸ ಬಿಟ್ಟರೂ ತುಟಿ ಹಿಂದಕ್ಕೆ ಬರಲಿಲ್ಲ.

ನಾನು ಮೂರನೇ ಇಯತ್ತೆ ಕಲಿತವಳು. ಬರೆಯುವುದು ನನಗೆ ರೊಟ್ಟಿ ಬಡಿದಷ್ಟು ಸಲೀಸಲ್ಲ. ಆದರೆ ನನಗೊಬ್ಬಳು ಮೊಮ್ಮಗಳು ಬಂದಿದ್ದಾಳೆ! ಆರು ತಿಂಗಳಾಯಿತು, ಇನ್ನೂ ಸಂತೋಷ ಮೈಯಲ್ಲಿ ಹಿಡಿಸುತ್ತಿಲ್ಲ. ನೀರಿನ ಸರದಿಯಲ್ಲಿ ನಿಂತವರಿಗೆಲ್ಲ ಹೇಳಿ ಮುಗಿಸಿದ್ದೇನೆ, ಇನ್ನು ಕಾಗದಕ್ಕೇ ಹೇಳಬೇಕು. ಅವಳ ಕಿವಿಯಲ್ಲಿ ಹೆಸರು ಹೇಳುವುದಕ್ಕೆ ನನಗೆ ಉಸಿರು ಕೊಟ್ಟವರು ಪತ್ತಾರಣ್ಣ. ಯಾವಾಗ ಕೊಟ್ಟರು ಎಂದು ನೆನೆದರೆ ಮಾತ್ರ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಸಯನ್ನಿನ ನಮ್ಮ ಚಾಳಿನಲ್ಲಿ ಅವರದು ಪಕ್ಕದ ಖೋಲಿ. ಒಬ್ಬರೇ ಇದ್ದರು. ನನ್ನಂತೆ ಅವರಿಗೂ ದಮ್ಮು. ಒಂದು ದಿನ ಕಾಯಿಪಲ್ಲೆ ಚೀಲ ಹಿಡಿದು ಹತ್ತುವಾಗ ಅರ್ಧ ಮೆಟ್ಟಿಲಲ್ಲಿ ನನ್ನ ಎದೆ ಕಟ್ಟಿತು. ಸುತ್ತ ನಿಂತವರೆಲ್ಲ "ಉಸಿರು ತಗೋರಿ, ಜೋರ್‌ಸೇ ತಗೋರಿ" ಎಂದು ಕೂಗುತ್ತಿದ್ದರು. ಪತ್ತಾರಣ್ಣ ಬಂದು ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದರು: "ತಗೋಬ್ಯಾಡ ತಂಗಿ. ಒಳಗ ಜಾಗಾನ ಇಲ್ಲ, ಎಲ್ಲಿ ತಗೋತಿ? ಮೊದಲ ಬಿಡು."

ಮರುದಿನದಿಂದಲೇ ಪಾಠ. ಬೆಳಗ್ಗೆ ನಳ ಬರುವ ಮೊದಲು ಬೆನ್ನು ನೆಟ್ಟಗೆ ಮಾಡಿ ಕೂತು, ಒಂದು ಕೈ ಹೊಟ್ಟೆಯ ಮೇಲಿಟ್ಟು, ದೀಪ ಹಚ್ಚಬೇಕು. ಮೂಗಿನಿಂದ ಎರಡು ಎಣಿಸುವಷ್ಟು ಒಳಕ್ಕೆ. ತುಟಿ ಸಣ್ಣಗೆ ಮಾಡಿ ನಾಲ್ಕು ಎಣಿಸುವಷ್ಟು ಹೊರಕ್ಕೆ, ದೀಪದ ಮೇಲೆ. ನಾನು ಗಾಬರಿಯಾದೆ.

"ದೇವರ ದೀಪಕ್ಕ ಬಾಯಿಲೇ ಊದೂದಾ? ಪಾಪ ಬರತೈತಿ ಅಣ್ಣಾ!"

"ಆರಿಸಿದರ ಪಾಪ. ಬಾಗಿಸಿದರ ಅಲ್ಲ. ದೀಪ ಬಾಗಬೇಕು, ಆರಬಾರದು. ಮತ್ತ ಡಾಕ್ಟರ್ ಕೊಟ್ಟ ದಮ್ಮಿನ ಪಂಪ್ ಬಿಡಬ್ಯಾಡ. ಇದು ಅದಕ್ಕ ಜೋಡಿ, ಬದಲಿ ಅಲ್ಲ."

ಅವರ ಖೋಲಿಗೂ ನಮ್ಮ ಖೋಲಿಗೂ ನಡುವೆ ಒಂದೇ ಗೋಡೆ. ದಿನಾ ಬೆಳಗ್ಗೆ ಗೋಡೆಯ ಆಚೆ ಅವರು, ಈಚೆ ನಾನು, ಮುಂದೆ ಒಂದೊಂದು ದೀಪ ಇಟ್ಟುಕೊಂಡು ಎದುರುಬದುರು ಕೂರುತ್ತಿದ್ದೆವು. ಅವರು ಊದುಗೊಳವೆಯಿಂದ ಗೋಡೆಗೆ ಟಕ್ ಟಕ್ ಎಂದು ಎರಡು ಸಲ ಬಡಿದರೆ ಒಳಕ್ಕೆ. ಆಮೇಲೆ ಅವರ ಉಸಿರಿನ ಸುಂಯ್ ಎಂಬ ಸದ್ದು ಕೇಳುವಷ್ಟು ಹೊತ್ತು ಹೊರಕ್ಕೆ.

"ಏನವ್ವಾ, ಕುಕ್ಕರ್ ಸೀಟಿ ಹೊಡದಂಗ ಹೊಡೀತಿಯಲ್ಲ!" ಎಂದು ಆಚೆಯಿಂದ ಕೂಗುತ್ತಿದ್ದರು.

"ನಿಮ್ಮದೇನ ಕಮ್ಮಿ? ಕಸಾರಾ ಲೋಕಲ್ ಗಾಡಿ ಬಂದಂಗ ಐತಿ!" ಎನ್ನುತ್ತಿದ್ದೆ ನಾನು.

ವರ್ಷ ತುಂಬುವುದರೊಳಗೆ ನಾನು ಎರಡು ಮಾಳಿಗೆ ನಿಲ್ಲದೆ ಹತ್ತತೊಡಗಿದೆ.

ಸೊಸೆಗೆ ದಿನ ತುಂಬಿತು. ಅವಳಿಗೆ ತಾಯಿಯಿಲ್ಲ, ಬಾಣಂತನ ನಮ್ಮಲ್ಲೇ. ಹೆಣ್ಣು ಕೂಸು. ಪತ್ತಾರಣ್ಣ ಬಾಗಿಲಲ್ಲೇ ನಿಂತು ನೋಡಿ, "ತೊಟ್ಟಲದಾಗ ಹೆಸರು ಯಾರು ಹೇಳವರು?" ಎಂದರು. ನಮ್ಮ ಕಡೆ ಕೂಸಿನ ಕಿವಿಯಲ್ಲಿ 'ಕುರ್‍ರ್' ಎಂದು ಹೆಸರು ಹೇಳುವವಳು ಸೋದರತ್ತೆ. ಹೇಳುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ನನಗೆ ಹೆಣ್ಣುಮಕ್ಕಳಿಲ್ಲ. ಆದ್ದರಿಂದ ನಾನೇ ಎಂದೆ. "ಹಂಗಾದರ ಉಸಿರು ಗಟ್ಟಿ ಮಾಡು. ಬಾಯಿ ತಗದು ಕೆಮ್ಮಿಗಿಮ್ಮೀಯ!" ಎಂದರು ಅಣ್ಣ.

ಮೂರು ದಿನದ ಮೇಲೆ ಬೆಳಗ್ಗೆ ಎಂದಿನಂತೆ ಕೂತೆವು. ಟಕ್ ಟಕ್. ಒಳಕ್ಕೆ ಎಳೆದೆ. ಬಿಡುವಾಗ ಕೆಮ್ಮು ಒತ್ತರಿಸಿ ಬಂದು ಭಕ್ಕನೆ ಊದಿಬಿಟ್ಟೆ. ದೀಪ ಆರಿತು. ಅದೇ ಗಳಿಗೆಗೆ ಗೋಡೆಯ ಆಚೆಯ ಸುಂಯ್ ನಿಂತಿತು.

"ಅಣ್ಣಾ, ಆರಿಸಿಬಿಟ್ಟೆ ನೋಡ್ರಿ!" ಎಂದು ನಗುತ್ತಾ ಕೂಗಿದೆ. ಬೈಗುಳಕ್ಕೆ ಕಾದೆ. ಬರಲಿಲ್ಲ.

ಮಗನನ್ನು ಕರೆದುಕೊಂಡು ಓಡಿದೆ. ಬಾಗಿಲು ಮುಂದೆ ಮಾಡಿತ್ತಷ್ಟೆ, ಚಿಲಕ ಹಾಕಿರಲಿಲ್ಲ. ಪತ್ತಾರಣ್ಣ ನಮ್ಮ ಗೋಡೆಗೆ ಮುಖ ಮಾಡಿ ಕೂತೇ ಇದ್ದರು, ಕೊಳವೆ ಕೈಯಲ್ಲಿ, ತುಟಿ ಹಾಗೇ ಮುಂದಕ್ಕೆ. ಮಗ ಮೂಗಿನ ಹತ್ತಿರ ಬೆರಳು ಹಿಡಿದು ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದ. ಅವರ ದೀಪ ಮಾತ್ರ ಉರಿಯುತ್ತಿತ್ತು. ಕಿಟಕಿ ಮುಚ್ಚಿತ್ತು, ಫ್ಯಾನ್ ಬಂದ್ ಆಗಿತ್ತು. ದೀಪ ನಮ್ಮ ಗೋಡೆಯ ಕಡೆಗೆ ಬಾಗಿಯೇ ಉರಿಯುತ್ತಿತ್ತು.

ಅವರ ಉಸಿರನ್ನೂ ನಾನೇ ಆರಿಸಿದೆ ಎಂದು ನನ್ನ ಮನಸ್ಸಿಗೆ ಹೊಕ್ಕಿತು. ಮಗನಿಗೆ ಹೇಳಿದೆ. "ಹುಚ್ಚಿ ಏನವ್ವಾ? ಎಂಬತ್ತು ದಾಟಿತ್ತು ಅವರಿಗೆ" ಎಂದ. ಹೌದು, ತಲೆಗೆ ಗೊತ್ತು. ಎದೆಗೆ ಗೊತ್ತಾಗಬೇಕಲ್ಲ! ದೀಪದ ಮುಂದೆ ಕೂರುವುದನ್ನೇ ಬಿಟ್ಟೆ. ಪಂಪ್ ತಗೊಂಡರೂ ಎದೆಯ ಬಿಗಿ ಪೂರಾ ಬಿಡುತ್ತಿರಲಿಲ್ಲ. ಸೊಸೆ ನೋಡಿ, "ಅತ್ತಿ, ಹೆಸರು ಬೇರೆಯವರ ಕಡಿಂದ ಹೇಳಿಸೋಣೇನ್ರಿ?" ಎಂದಳು. ನನ್ನ ಮೊದಲ ಮೊಮ್ಮಗಳು! ಇಲ್ಲವೆಂದೆ.

ಕೂಸು ಹುಟ್ಟಿದ ಹದಿಮೂರನೆಯ ದಿನ, ತೊಟ್ಟಿಲ ಶಾಸ್ತ್ರ. ಕೂಸಿಗೆ ಗಾಳಿ ತಗಲಬಾರದೆಂದು ಕಿಟಕಿ ಮುಚ್ಚಿ ಫ್ಯಾನ್ ಬಂದ್ ಮಾಡಿದ್ದರು. ತೊಟ್ಟಿಲ ಪಕ್ಕ ದೀಪ. ನಾನು ಬಾಗಿ ಕಿವಿಯ ಹತ್ತಿರ ಬಾಯಿ ತಂದೆ. ಉಸಿರು ಗಂಟಲಲ್ಲೇ ನಿಂತಿತು. ಬೆನ್ನಿಗೆ ಗುದ್ದಲು ಎತ್ತಿದ ಕೈಗಳು ಎತ್ತಿದಂತೆಯೇ ಇದ್ದವು. "ಹೇಳ್ರಿ ಅಜ್ಜಿ" ಎಂದರು ಯಾರೋ. ಕಣ್ಣು ಕತ್ತಲೆ ಬಂತು.

ಆಗ ದೀಪ ಬಾಗಿತು.

ಒಂದು, ಎರಡು, ಮೂರು, ನಾಲ್ಕು. ನೆಟ್ಟಗಾಯಿತು. ಒಂದು, ಎರಡು. ಮತ್ತೆ ಬಾಗಿತು, ನಾಲ್ಕು. ಮೊದಲ ಬಿಡು. ಬಿಟ್ಟೆ. ಅದು ನೆಟ್ಟಗಾದಾಗ ತಗೊಂಡೆ. ಅದು ಬಾಗಿದಾಗ ಬಿಟ್ಟೆ. ನಾಲ್ಕನೆಯ ಸಲಕ್ಕೆ ಎದೆಯೊಳಗೆ ಜಾಗವಾಯಿತು. 'ಕುರ್‍ರ್' ಎಂದು ಹೆಸರು ಹೇಳಿದೆ, ಮೂರು ಸಲ, ಕೊನೆಯ ಮನೆಗೂ ಕೇಳುವಂತೆ! ಬೆನ್ನ ಮೇಲೆ ಗುದ್ದುಗಳ ಮಳೆ. ಕೂಸು ಬೆಚ್ಚಿ ಕಣ್ಣು ತೆರೆಯಿತು.

"ಅತ್ತಿ, ಫ್ಯಾನ್ ಬಂದ್ ಐತಲ್ರಿ?" ಎಂದು ಸೊಸೆ ಆಮೇಲೆ ಮೆಲ್ಲಗೆ ಕೇಳಿದಳು. ಅವಳೂ ನೋಡಿದ್ದಳು.

ಈಗ ಮತ್ತೆ ದಿನಾ ಕೂರುತ್ತೇನೆ, ಮೊಮ್ಮಗಳನ್ನು ಪಕ್ಕದ ಚಾಪೆಯ ಮೇಲೆ ಮಲಗಿಸಿಕೊಂಡು. ಪತ್ತಾರಣ್ಣನವರ ಖೋಲಿಗೆ ಇನ್ನೂ ಬೀಗ. ನಾನು ಊದಿದರೆ ದೀಪ ಗೋಡೆಯ ಕಡೆಗೆ ಬಾಗಬೇಕು, ಬಾಗುತ್ತದೆ. ಕೆಲವು ದಿನ ಬೆಳಗ್ಗೆ, ನಾನು ಉಸಿರು ಒಳಗೆ ತಗೊಳ್ಳುತ್ತಿರುವಾಗಲೇ, ಅದು ಮೆಲ್ಲಗೆ ತಿರುಗಿ ನಮ್ಮ ಕಡೆಗೆ ಬಾಗುತ್ತದೆ. ಮೊಮ್ಮಗಳು ಕೈಕಾಲು ಬಡಿದು ನಗುತ್ತಾಳೆ. ನಾನು ಊದದೆ ಸುಮ್ಮನೆ ನಾಲ್ಕು ಎಣಿಸುತ್ತೇನೆ. ಗೋಡೆಯ ಆಚೆ ಅವರದೂ ಊದಿ ಮುಗಿಯಲಿ ಎಂದು.