ಮುಗಿಯದ ನಾಲ್ಕು ಹಾಡು, ಮುಗಿಸಿಕೊಟ್ಟ ಮಹಾಶಯ

ನಮ್ಮ ಬ್ಯಾಂಡ್ ಸೆಟ್ಟಿನ ಸಮಗ್ರ ಕೃತಿಗಳು ನಾಲ್ಕು. ನಾಲ್ಕೂ ಒಂದೇ ಕ್ಯಾಸೆಟ್ಟಿನಲ್ಲಿವೆ, ನಾಲ್ಕೂ ಅರ್ಧಕ್ಕೇ ನಿಂತಿವೆ, ನಾಲ್ಕೂ ಬಿಡುಗಡೆಯಾಗಲಿಲ್ಲ. 'ಸೋಮಾರಿಗಳು, ಮುಗಿಸೋ ಯೋಗ್ಯತೆ ಇರಲಿಲ್ಲ' ಎಂದು ಆಡಿಕೊಳ್ಳುವವರು ಬಂಗಾರಪೇಟೆಯಲ್ಲಿ ಈಗಲೂ ಇದ್ದಾರೆ. ಆ ಮಹನೀಯರ ತಿಳಿವಳಿಕೆಗಾಗಿ ಇದನ್ನು ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾವು ಏಳು ಮಂದಿ ಮದುವೆ ಮೆರವಣಿಗೆಗಳಲ್ಲಿ ಸಿನಿಮಾ ಹಾಡು ನುಡಿಸುತ್ತಿದ್ದೆವು. ನನ್ನದು ಸೈಡ್ ಡ್ರಮ್. ಕ್ಲಾರಿನೆಟ್ ಊದುತ್ತಿದ್ದ ಹಿರಿಯರನ್ನು ಎಲ್ಲರೂ ಮಾಮ ಎನ್ನುತ್ತಿದ್ದೆವು. ಅವರು ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿಗಿಳಿಯುವವರು. ಅಲ್ಲಿಯ ದೂಳು ಆಗಲೇ ಎದೆ ಸೇರಿತ್ತು. ಆಯುಷ್ಯವೆಲ್ಲ ಕಂಡವರ ಹಾಡು ಊದಿದ ಮಾಮ ಸ್ವಂತದ್ದೂ ನಾಲ್ಕು ಕಟ್ಟಿದ್ದರು. ಉಸಿರಿರುವಾಗಲೇ ಅವು ಕ್ಯಾಸೆಟ್ ಆಗಬೇಕು, ನಾಲ್ಕು ಜನ ಕೇಳಬೇಕು. ಅವರಿಗಿದ್ದದ್ದು ಅದೊಂದೇ ಆಸೆ.

ರಾಬರ್ಟ್‌ಸನ್‌ಪೇಟೆಯ ಕ್ಯಾಸೆಟ್ ಅಂಗಡಿಯವನೊಬ್ಬ ಹಿಂದಿನ ಕೋಣೆಯ ಗೋಡೆಗೆಲ್ಲ ಗೋಣಿಚೀಲ ಹೊಡೆದು, ಅದಕ್ಕೆ ಸ್ಟುಡಿಯೋ ಎಂದು ನಾಮಕರಣ ಮಾಡಿದ್ದ. ಒಂದು ಭಾನುವಾರ ಬೆಳಿಗ್ಗೆ ಅಲ್ಲಿ ಸೇರಿದೆವು.

ಮೆರವಣಿಗೆಯ ಬ್ಯಾಂಡಿಗೆ ಹಾಡು ಶುರುಮಾಡುವುದು ಗೊತ್ತು, ಮುಗಿಸುವುದು ಗೊತ್ತಿಲ್ಲ. ಒಂದರ ಬಾಲಕ್ಕೆ ಇನ್ನೊಂದನ್ನು ಗಂಟುಹಾಕುತ್ತ ನಡೆಯುತ್ತೇವೆ. ಛತ್ರದ ಬಾಗಿಲಲ್ಲಿ ಆರತಿ ತಟ್ಟೆ ಕಂಡಾಗ ಎಲ್ಲಿದ್ದೇವೋ ಅಲ್ಲೇ ಬಾಯಿ ಮುಚ್ಚುತ್ತೇವೆ. ನಡುದಾರಿಯಲ್ಲಿ ಗಂಡಿನ ಕಡೆಯವರು ಕೈ ಎತ್ತಿ ಬೀಸಿದರೆ ಇನ್ನೊಂದು ಸುತ್ತು ಬೇಕು ಎಂದರ್ಥ. ಸ್ಟುಡಿಯೋದಲ್ಲಿ ಮೊದಲ ಹಾಡು ಸಾಕೆಂದು ಅಂಗಡಿಯವನು ಕೈ ಬೀಸಿದ. ನಾವು ಇನ್ನೊಂದು ಸುತ್ತು ಹೊಡೆದೆವು. ಅವನು ಎರಡೂ ಕೈ ಬೀಸಿದ. ಇಂಥ ರಸಿಕ ಸಿಕ್ಕಿದನಲ್ಲ ಎಂದು ನಾನು ಡ್ರಮ್ ಒಡೆಯುವಂತೆ ಬಾರಿಸಿದೆ. ಅವನು ಮಿಷನ್ನನ್ನೇ ಆರಿಸಿದ.

"ನಿಲ್ಸ್ರಣ್ಣೋ! ಆಡಿಗೊಂದು ಕೊನೆ ಬ್ಯಾಡವಾ?"

"ಕೊನೇನಾ?" ಎಂದರು ಮಾಮ. "ಛತ್ರ ಎಲ್ಲೈತೆ ತೋರ್ಸಪ್ಪಾ, ನಿಲ್ಲಿಸ್ತೀನಿ."

ಉಳಿದ ಮೂರಕ್ಕೂ ಇದೇ ಗತಿಯಾಯಿತು. ಮುಂದಿನ ವಾರ ಕೊನೆ ಕಲಿತು ಬರುತ್ತೇವೆಂದು ಹೇಳಿ ಎದ್ದೆವು. ಆ ವಾರ ಮಾಮ ಕೆಮ್ಮಿನಲ್ಲಿ ಮಲಗಿದರು. ಆಮೇಲೆ ಕ್ಲಾರಿನೆಟ್ ಊದಲಾಗಲೇ ಇಲ್ಲ. ನಮ್ಮ ಹಾಡಿದ್ದ ಕ್ಯಾಸೆಟ್ಟು ಅಂಗಡಿಯವನ ಬಳಿಯೇ ಉಳಿಯಿತು.

ಏಳೆಂಟು ವರ್ಷದ ಮೇಲೆ ಅಂಗಡಿಯವನು ಹಲ್ಲುಕಿರಿಯುತ್ತ ಮಾಮನ ಮನೆಗೇ ಬಂದ. ನಾನೂ ಅಲ್ಲಿದ್ದೆ. "ಮಾಮಾ, ನಿಮ್ಮಾಡು ಮುಗಿಸ್ಬಿಟ್ಟಿವ್ನಿ" ಎಂದು ಟೇಪ್‌ರೆಕಾರ್ಡರ್ ಒತ್ತಿದ. ಯಾರೋ ಕೀಬೋರ್ಡಿನವನ ಕೈಲಿ ನಾಲ್ಕನ್ನೂ ಹೊಸದಾಗಿ ನುಡಿಸಿಸಿದ್ದ. ಪ್ರತಿಯೊಂದಕ್ಕೂ ರಥಕ್ಕೆ ಕಳಶವಿಟ್ಟ ಹಾಗೆ ಭವ್ಯವಾದ ಮುಕ್ತಾಯ. ಕ್ಲಾರಿನೆಟ್ಟಿನ ಸೊಲ್ಲೇ ಇಲ್ಲ.

ಮಾಮ ಪೂರ್ತಿ ಕೇಳಿದರು. "ಸೆಂದಾಗೈತೆ. ಇದ್ರಾಗೆ ನಾನೆಲ್ಲಿವ್ನಿ?"

"ನಿಮ್ ಉಸ್ರು ಗೊರ ಗೊರ ಅಂತ ಕೇಳ್ಸ್ತಿತ್ತು ಮಾಮ. ಯಾರ್ ತಗೋತಾರೆ? ಅದಿರ್ಲಿ, ಮ್ಯಾಲೆ ನಿಮ್ ಎಸ್ರು ಆಕ್ಸ್ತೀನಿ, ದಪ್ಪಕ್ಸರದಲ್ಲಿ."

ನನಗೆ ಮೈಯೆಲ್ಲ ಉರಿದುಹೋಯಿತು. ಆ ಉಸಿರಿನಲ್ಲೇ ಗಣಿಯೊಳಗೆ ಬಂಡೆ ಕೊರೆದದ್ದು, ಆ ಉಸಿರಿನಲ್ಲೇ ಈ ತಾಲ್ಲೂಕಿನ ಅರ್ಧ ಮದುವೆಗಳನ್ನು ಛತ್ರ ಮುಟ್ಟಿಸಿದ್ದು. ಅದನ್ನು ಕಸದ ಹಾಗೆ ಗುಡಿಸಿ ಬಂದ ಈ ಸಂಗೀತೋದ್ಧಾರಕನಿಗೆ ಕಾಫಿ ಬೇರೆ ಕೊಟ್ಟಿದ್ದೆವು!

"ಹಳೇ ಕ್ಯಾಸೆಟ್ ಎಲ್ಲಿ?" ಎಂದೆ.

"ಐತೆ. ಅದ್ರ ಮ್ಯಾಲೆ ದೇವ್ರಾಡು ತುಂಬಾನ ಅಂತ ಇಕ್ಕಿವ್ನಿ."

ಅದೇ ಗಳಿಗೆಯಲ್ಲಿ ಅವನನ್ನು ಸೈಕಲ್ ಹಿಂದೆ ಕೂರಿಸಿಕೊಂಡು ಹೋಗಿ, ದೇವರಿಗಿಂತ ಮೊದಲು ಕ್ಯಾಸೆಟ್ ತಂದೆ. ಅವನೂ ಬೆನ್ನಿಗೇ ಬಂದ: ಕೀಬೋರ್ಡಿನದಕ್ಕೆ ಮಾಮ ಹೂಂ ಅನ್ನಬೇಕಿತ್ತು.

ಮಾಮ ಅಡ್ಡಡ್ಡ ತಲೆಯಾಡಿಸಿದರು. "ಎಸ್ರು ಬ್ಯಾಡಪ್ಪ. ಉಸ್ರು ಆಕಂಗಿದ್ರೆ ಆಕು. ಇಲ್ದಿದ್ರೆ ಬುಟ್‌ಬುಡು."

ಅವನು ಬಿಟ್ಟ. ಮುಂದಿನ ವರ್ಷ ಮಾಮ ಹೋದರು. ಕ್ಯಾಸೆಟ್ ನನ್ನ ಬೀರುವಿನಲ್ಲಿದೆ. ಮುಚ್ಚಿಡುವ ಗುಟ್ಟೇನಲ್ಲ, ಕೇಳಬೇಕೆನಿಸಿದವರು ಮನೆಗೆ ಬಂದು ಗೊರಗೊರ ಸಮೇತ ಕೇಳಬಹುದು. ಮುಗಿಸಿಕೊಡುತ್ತೇನೆ ಎನ್ನುವವರು ಮಾತ್ರ ದಯವಿಟ್ಟು ಹೊಸಿಲಾಚೆಯೇ ನಿಲ್ಲಬೇಕು.