ಗಿಡ್ಡ ವೈರಿನ ಇಯರ್‌ಫೋನ್

ಅಕ್ಕನ ಬಲಗಿವಿಯ ಹಾಲೆ ನಡುವೆ ಸೀಳಿ ಎರಡಾಗಿತ್ತು. ಕುಡಿಯುವುದಕ್ಕೆ ದುಡ್ಡಿಲ್ಲದ ಗಂಡ ಒಂದು ಸಂಜೆ ಓಲೆಗೆ ಕೈಹಾಕಿ ಎಳೆದಾಗ ಆದದ್ದು ಅದು. ಗಾಯ ಮಾಗಿದ ಮೇಲೂ ಎರಡು ತುದಿಗಳು ಕೂಡಿಕೊಳ್ಳಲಿಲ್ಲ. ಅವಳು ತಲೆಯಾಡಿಸಿದಾಗ ಅವು ಬೇರೆಬೇರೆಯಾಗಿ ಅಲ್ಲಾಡುತ್ತಿದ್ದವು. ಹೊಲಿಗೆ ಫ್ಯಾಕ್ಟರಿಯಲ್ಲಿ ನಾವೆಲ್ಲ ಅವಳನ್ನು ಅಕ್ಕ ಅನ್ನುತ್ತಿದ್ದೆವು. ನನ್ನ ಮೆಷಿನ್ ಅವಳ ಹಿಂದೆಯೇ ಇದ್ದುದರಿಂದ, ಬೆಳಗಿನಿಂದ ಸಂಜೆಯವರೆಗೆ ತಲೆಯೆತ್ತಿದರೆ ನನಗೆ ಕಾಣುತ್ತಿದ್ದುದು ಆ ಕಿವಿ. ಅವಳ ಮುಖಕ್ಕಿಂತ ಮೊದಲು ಪರಿಚಯವಾದದ್ದೂ ಅದೇ.

ಯಾರಾದರೂ ಅಯ್ಯೋ ಪಾಪ ಅಂದರೆ ಅವಳಿಗೆ ಸೇರುತ್ತಿರಲಿಲ್ಲ. "ಓಲೆ ಹೋಯ್ತು. ಕಿವಿ ಹೋಗ್ಲಿಲ್ವಲ್ಲ" ಅನ್ನುತ್ತಿದ್ದಳು. ಓಲೆ ಕಿತ್ತುಕೊಂಡ ಗಂಡನನ್ನು ಅದೇ ವಾರ ಮನೆಯಿಂದ ಆಚೆ ಹಾಕಿದ್ದಳು. ಸಿದ್ದಾಪುರದ ಆ ಒಂದು ಕೋಣೆಯ ಮನೆಯಲ್ಲಿ ಅವನದು ಅಂತ ಉಳಿದದ್ದು ಅಂಗೈಯಗಲದ ಒಂದು ರೇಡಿಯೊ. ಅದನ್ನು ತಗೊಂಡು ಹೋಗಲು ಬಂದವನಿಗೆ "ಓಲೆ ತಂದಿಡು, ರೇಡಿಯೊ ತಗೊಂಡು ಹೋಗು" ಅಂದಳಂತೆ. ಅವನು ಮತ್ತೆ ಬರಲಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ಜೆ.ಪಿ. ನಗರದ ಅಂಚಿನಲ್ಲಿ, ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಎರಡಂತಸ್ತಿನ ಕಟ್ಟಡವೊಂದನ್ನು ಎಬ್ಬಿಸಿ ಹೊಲದವರು ಬಾಡಿಗೆಗೆ ಕೊಟ್ಟಿದ್ದರು. ಅದರೊಳಗೆ ವಿದೇಶಕ್ಕೆ ಹೋಗುವ ಶರ್ಟುಗಳನ್ನು ಹೊಲಿಯುವ ಫ್ಯಾಕ್ಟರಿ. ಎಸ್ಸೆಸ್ಸೆಲ್ಸಿ ಪಾಸಾಗಿದ್ದ ನಾನು ಅಪ್ಪ ತೀರಿಕೊಂಡಿದ್ದರಿಂದ ಕಾಲೇಜಿನ ಆಸೆ ಬಿಟ್ಟು ಯಡಿಯೂರಿನಿಂದ ನಡೆದುಕೊಂಡು ಅಲ್ಲಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಅಕ್ಕ ತೋಳು ಜೋಡಿಸುತ್ತಿದ್ದಳು, ನಾನು ಕಾಲರ್ ಹಚ್ಚುತ್ತಿದ್ದೆ. ಆಗ ನನಗೆ ಮಾತೇ ಹೊರಡುತ್ತಿರಲಿಲ್ಲ. ನೀರು ಕುಡಿಯಲು ಏಳಬೇಕೆಂದರೂ ಕೇಳಲು ಅಂಜಿ ಬಾಯಾರಿಕೊಂಡೇ ಕೂತಿರುತ್ತಿದ್ದೆ.

ಸೇರಿದ ಕೆಲವೇ ದಿನಗಳಲ್ಲಿ ಅಕ್ಕನ ಜಡೆಯೊಳಗೆ ಒಂದು ಸಣ್ಣ ವೈರು ನನ್ನ ಕಣ್ಣಿಗೆ ಬಿತ್ತು. ಸೊಂಟದಲ್ಲಿ ಸಿಕ್ಕಿಸಿಕೊಂಡ ರೇಡಿಯೊದಿಂದ ಹೊರಟು, ಬೆನ್ನಿನ ಮೇಲೆ ರವಿಕೆಯೊಳಗೆ ಹತ್ತಿ, ಕನಕಾಂಬರದ ದಂಡೆಯ ಮರೆಯಲ್ಲಿ ಬಂದು ಆ ಸೀಳಿದ ಕಿವಿಯೊಳಗೆ ಸೇರಿಕೊಳ್ಳುತ್ತಿತ್ತು. ಆಗಿನ ಇಯರ್‌ಫೋನು ಒಂದೇ ಕಿವಿಗೆ ಹಾಕಿಕೊಳ್ಳುವಂಥದ್ದು, ತುದಿಯಲ್ಲಿ ಅವರೆಕಾಳಿನಷ್ಟು ಗಾತ್ರದ ಗುಂಡಿ. ನಾನು ನೋಡಿದ್ದು ಅವಳಿಗೆ ಹೇಗೋ ತಿಳಿಯಿತು. ಹೊಲಿಗೆ ನಿಲ್ಲಿಸದೆ ಅರ್ಧ ತಿರುಗಿ, "ನೋಡ್ದ್ಯಾ?" ಅಂದಳು.

"ಹೂಂ ಅಕ್ಕ."

"ನೋಡಿಲ್ಲ ಅನ್ಕೋ."

ಅಕ್ಕನಿಗೆ ಓದು ಬರುತ್ತಿರಲಿಲ್ಲ. ಊಟದ ಬೆಲ್ಲಿಗೆ ಮುಂಚೆ ಬರುವ ವಾರ್ತೆಯನ್ನು ಅವಳು ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಮೆಷಿನ್ನುಗಳ ಮೋಟರಿನಿಂದ ರೇಡಿಯೊ ಕರಕರ ಅನ್ನುತ್ತಿತ್ತು. ಅರ್ಧ ಕೇಳಿಸಿದ್ದನ್ನು ಉಳಿದರ್ಧ ತಾನೇ ಸೇರಿಸಿಕೊಂಡು, ಮಹಡಿಯ ಮೆಟ್ಟಿಲ ಮೇಲೆ ಊಟದ ಡಬ್ಬಿ ಬಿಚ್ಚುತ್ತಾ ನಮಗೆ ಒಪ್ಪಿಸುತ್ತಿದ್ದಳು. ಒಮ್ಮೆ ವಾಯುಭಾರ ಕುಸಿತದ ಸುದ್ದಿ ಬಂದಾಗ, "ಸಮುದ್ರದಲ್ಲಿ ಏನೋ ಕುಸಿದೋಗಿದ್ಯಂತೆ ಕಣ್ರೇ. ಪುಣ್ಯ, ಯಾರ್ಗೂ ಪೆಟ್ಟಾಗಿಲ್ಲ" ಅಂದಿದ್ದಳು. ಮಡಿವಾಳದಿಂದ ಬರುತ್ತಿದ್ದವಳೊಬ್ಬಳು ನಕ್ಕು ನಕ್ಕು ಮುದ್ದೆ ನೆತ್ತಿಗೆ ಹತ್ತಿಸಿಕೊಂಡಳು. ಅಕ್ಕನೂ ನಕ್ಕಳು. ಮರುದಿನ ಮತ್ತೆ ವಾರ್ತೆ ಹೇಳಿದಳು.

ಒಂದು ದಿನ ಅವಳು ಡಬ್ಬಿ ಬಿಚ್ಚಲಿಲ್ಲ. "ಹೊಲಿಗೆ ಫ್ಯಾಕ್ಟರಿಯೋರಿಗೆ ಕಮ್ಮಿ ಅಂದ್ರೆ ಇಷ್ಟು ಕೂಲಿ ಕೊಡ್ಲೇಬೇಕು ಅಂತ ಸರ್ಕಾರ ಜಾಸ್ತಿ ಮಾಡಿದ್ಯಂತೆ. ಸರಿಯಾಗಿ ಕೇಳಿಸ್ಕೊಂಡೆ. ಕರೆಂಟ್ ಹೋಗಿತ್ತಲ್ಲ ಆವಾಗ, ಒಂದಕ್ಷರ ಬಿಟ್ಟಿಲ್ಲ."

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮಗೆ ಬರುತ್ತಿದ್ದುದು ಅದಕ್ಕಿಂತ ಬಹಳ ಕಡಿಮೆ.

"ಈಗೇನ್ ಮಾಡೋದಕ್ಕ?" ಅಂದೆ.

"ಬರೀ ಕೇಳಿಸ್ಕೊಂಡ್ರೆ ಸಾಲ್ದು. ಕೇಳ್ಬೇಕು."

ಸಂಬಳದ ದಿನ ಹೆಂಗಸರು ಒಬ್ಬೊಬ್ಬರಾಗಿ ಸೂಪರ್‌ವೈಸರ್ ಮುಂದೆ ನಿಂತು ಕೇಳಿಯೇಬಿಟ್ಟರು. ಆತ ಮೊದಲು ನಕ್ಕ, ಆಮೇಲೆ ಗದರಿದ. ಯಾರು ಹೇಳಿದ್ದು ಅಂತ ವಿಚಾರಿಸಿದಾಗ ಯಾರೂ ಬಾಯಿಬಿಡಲಿಲ್ಲ. ಆದರೂ ಮುಂದಿನ ವಾರ, ಸರಿಯಾಗಿ ವಾರ್ತೆಯ ಹೊತ್ತಿಗೆ, ನನ್ನ ಪಕ್ಕದಿಂದಲೇ ಹಾದು ಅಕ್ಕನ ಹಿಂದೆ ನಿಂತು ಅವಳ ಹೂವಿನೊಳಗೆ ಕೈಹಾಕಿದ. ವೈರು ಹಿಡಿದು ಎಳೆದ. ಗುಂಡಿ ಕಿವಿಯಿಂದ ಕಿತ್ತುಬಂದು ನೆಲಕ್ಕೆ ಬಿತ್ತು. ಕನಕಾಂಬರವೂ ಬಿತ್ತು. ಎರಡನ್ನೂ ಬೂಟುಗಾಲಿನಲ್ಲಿ ತುಳಿದ.

"ಕೆಲಸ ಮಾಡೋಕ್ ಬರ್ತೀಯೋ, ಹಾಡು ಕೇಳೋಕ್ ಬರ್ತೀಯೋ?"

ಅಕ್ಕನ ಕೈ ಕಿವಿಗೆ ಹೋಗಿತ್ತು. ಆ ಕಿವಿಯನ್ನು ಅದಕ್ಕೂ ಮುಂಚೆ ಒಬ್ಬ ಹಾಗೆಯೇ ಎಳೆದಿದ್ದ. ಅವಳು ಎದ್ದು ನಿಂತಾಗ ಕೂಗಾಡುತ್ತಾಳೆ ಅಂದುಕೊಂಡೆ. ಅವಳು ಬಗ್ಗಿ ಚೂರುಗಳನ್ನು ಆರಿಸಿ ಮೆಷಿನ್ ಮೇಲೆ ಇಟ್ಟಳು.

"ಹಾಡಲ್ಲ ಸಾರ್, ವಾರ್ತೆ. ಮುರಿದಿದ್ದು ನೀವು. ಹೊಸ್ದು ತಂದ್ಕೊಡಿ."

ಆತ ಕೇಳಿಸದವನಂತೆ ಹೋದ. ಮರುದಿನ ಬೆಳಿಗ್ಗೆ ಗೇಟಿನಲ್ಲಿ ಚೀಲ ತೋರಿಸಿ ಒಳಗೆ ಹೋಗುವಾಗ ಅಕ್ಕ ಅವನೆದುರು ನಿಂತು ಕೇಳಿದಳು, "ಸಾರ್, ತಂದ್ರಾ?" ಅದರ ಮರುದಿನವೂ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅಂಗಡಿಯಲ್ಲಿ ಉಪ್ಪು ಕೇಳುವ ಹಾಗೆ ಕೇಳುತ್ತಿದ್ದಳು. ಕೊನೆಗೆ ಅವನು ನಮ್ಮ ಗುಂಪು ದೂರದಲ್ಲಿ ಕಂಡರೆ ಒಳಗೆ ಸರಿದುಬಿಡುತ್ತಿದ್ದ. ನಾವೆಲ್ಲ ಸೇರಿ ಒಂದು ಕೊಡಿಸುತ್ತೇವೆ ಅಂದದ್ದಕ್ಕೆ ಅವಳು ಒಪ್ಪಲಿಲ್ಲ. "ಅವನು ಕೊಡ್ಬೇಕಾಗಿರೋದನ್ನ ನೀವ್ಯಾಕ್ ಕೊಡ್ತೀರಿ?"

ಆದರೆ ವಾರ್ತೆ ಕೇಳದೆ ಅವಳಿಗೆ ಇರಲಾಗಲಿಲ್ಲ. ಒಂದು ಭಾನುವಾರ ನನ್ನನ್ನೂ ಕರೆದುಕೊಂಡು ಹೊರಟಳು. ಮೊದಲು ಜಯನಗರ ನಾಲ್ಕನೇ ಬ್ಲಾಕಿನ ಒಂದು ರೇಡಿಯೊ ಅಂಗಡಿ. ಅಂಗಡಿಯವರು ಗಾಜಿನ ಕಪಾಟಿನಿಂದ ಇಯರ್‌ಫೋನಿನ ಹೊಳೆಯುವ ಪೆಟ್ಟಿಗೆಯೊಂದನ್ನು ತೆಗೆದರು. ಬೆಲೆ ಕೇಳಿ ಅಕ್ಕ ಅದನ್ನು ಮುಟ್ಟಲೇ ಇಲ್ಲ.

"ಇನ್ನೊಂದ್ ಸ್ವಲ್ಪ ಹಾಕಿದ್ರೆ ಹೊಸ ರೇಡಿಯೊನೇ ಬರುತ್ತಲ್ಲಮ್ಮ" ಅಂದರು ಅವರು.

"ರೇಡಿಯೊ ಕೆಟ್ಟಿಲ್ಲ ಸಾರ್" ಅಂದಳು.

ಅಲ್ಲಿಂದ ಬಸ್ಸು ಹತ್ತಿ ಸಿಟಿ ಮಾರ್ಕೆಟ್ಟಿನ ಹತ್ತಿರದ ಭಾನುವಾರದ ಸಂತೆಗೆ ಹೋದೆವು. ಗೋಣಿತಾಟಿನ ಮೇಲೆ ಹಳೇ ಗಡಿಯಾರ, ಬೀಗ, ನಲ್ಲಿ, ಯಾರದೋ ಕನ್ನಡಕ. ಮುದುಕರೊಬ್ಬರ ಮುಂದೆ ವೈರುಗಳ ಗಂಟೇ ಬಿದ್ದಿತ್ತು. ಅಕ್ಕ ಕುಕ್ಕರಗಾಲಿನಲ್ಲಿ ಕೂತು ಗಂಟು ಬಿಡಿಸಿದಳು. ಒಂದೊಂದನ್ನೂ ತನ್ನ ರೇಡಿಯೊಗೆ ಚುಚ್ಚಿ, ಗುಂಡಿಯನ್ನು ಸೆರಗಿನಲ್ಲಿ ಒರೆಸಿ, ಕಿವಿಗಿಟ್ಟು ನೋಡಿದಳು. ಒಂದು ಸತ್ತಿತ್ತು. ಇನ್ನೊಂದು ವೈರನ್ನು ಮಡಿಸಿ ಹಿಡಿದರೆ ಮಾತ್ರ ಮಾತಾಡುತ್ತಿತ್ತು. ಬಿಸಿಲೇರಿತು, ಮುದುಕರಿಗೂ ಬೇಸರ ಬಂತು. ಕೊನೆಗೆ ಹಳದಿಗಟ್ಟಿದ ಒಂದು ಇಯರ್‌ಫೋನ್ ಕಿವಿಗಿಟ್ಟುಕೊಂಡಾಗ ಅವಳ ಮುಖ ಬದಲಾಯಿತು. ಅದನ್ನು ತೆಗೆದು ನನ್ನ ಕಿವಿಗಿಟ್ಟಳು. ಯಾರೋ ಹೆಂಗಸು ಹುರುಳಿಕಾಳಿನ ಸಾರಿನ ಬಗ್ಗೆ ಮಾತಾಡುತ್ತಿದ್ದಳು, ಎದುರಿಗೇ ಕೂತ ಹಾಗೆ.

ಮುದುಕರು ಹೇಳಿದ್ದರಲ್ಲಿ ಅರ್ಧಕ್ಕೆ ಕೇಳಿ, ಅರ್ಧಕ್ಕಿಂತ ಚೂರು ಮೇಲೆ ಕೊಟ್ಟಳು. ಎದ್ದ ಮೇಲೆ ನಾನು ಗಮನಿಸಿದೆ. ಯಾರೋ ಕತ್ತರಿಸಿ ಮತ್ತೆ ಜೋಡಿಸಿದ ವೈರು ಅದು. ಒಂದು ಗೇಣಿಗಿಂತ ಸ್ವಲ್ಪ ಉದ್ದ ಅಷ್ಟೆ. ಸೊಂಟದಿಂದ ಬೆನ್ನು ಹತ್ತಿ ಜಡೆಯೊಳಗೆ ಬರುವುದಿರಲಿ, ಎದೆಯವರೆಗೂ ಕಷ್ಟ.

"ಅಕ್ಕ, ಇದು ಗಿಡ್ಡ. ಬಚ್ಚಿಡೋಕಾಗಲ್ಲ. ಎಲ್ಲಾರ್ಗೂ ಕಾಣತ್ತೆ."

"ಕಾಣ್ಲಿ" ಅಂದಳು.

ಸೋಮವಾರ ಅವಳು ರೇಡಿಯೊವನ್ನು ಲಂಗದ ಲಾಡಿಯಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡು ಬಂದಳು, ಸೆರಗಿನ ಮೇಲೆ, ತಾಳಿಯ ಹಾಗೆ. ಅದರಿಂದ ಕಿವಿಗೆ ನೆಟ್ಟಗೆ ಹತ್ತಿದ ಹಳದಿ ವೈರು ಹಾಲ್‌ನ ಆ ತುದಿಗೂ ಕಾಣುತ್ತಿತ್ತು. ಅಂದು ಗೇಟಿನಲ್ಲಿ ಅವಳು ಸೂಪರ್‌ವೈಸರನ್ನು ಏನೂ ಕೇಳಲಿಲ್ಲ. ಅವಳು ಮೆಷಿನ್ನಿಗೆ ಕೂತು ತೋಳು ಜೋಡಿಸತೊಡಗಿದಳು. ಆತ ನೋಡಿದ, ಹತ್ತಿರ ಬರಲು ಧೈರ್ಯವಾಗದೆ ಮೇಲೆ ಹೋಗಿ ಮ್ಯಾನೇಜರನ್ನು ಕರೆತಂದ.

ಮ್ಯಾನೇಜರ್ ಮೆತ್ತಗೆ ಮಾತಾಡುವವರು. "ಏನಮ್ಮ ಇದು? ಫ್ಯಾಕ್ಟರಿಗೆ ಒಂದು ರೂಲ್ಸ್ ಇಲ್ವಾ? ತೆಗಿ ಅದನ್ನ."

ಅಕ್ಕ ಎದ್ದು ನಿಂತಳು. "ತೆಗೀತೀನಿ ಸಾರ್. ಕೂಲಿ ಜಾಸ್ತಿ ಆಗಿದೆ ಅಂತ ಇದ್ರಲ್ಲಿ ಹೇಳಿದ್ರು. ಅದು ಸುಳ್ಳು ಅಂತ ನೀವು ಎಲ್ಲಾರ್ ಮುಂದೆ ಒಂದ್ ಮಾತು ಹೇಳ್ಬಿಡಿ. ಈಗ್ಲೇ ತೆಗೀತೀನಿ."

ಅವರು ಸೂಪರ್‌ವೈಸರ್ ಕಡೆ ತಿರುಗಿದರು. ಸಾಲಿನಲ್ಲಿ ಒಂದು ಮೆಷಿನ್ ನಿಂತಿತು. ಅದರ ಪಕ್ಕದ್ದು ನಿಂತಿತು. ನಾನೂ ಪೆಡಲಿನಿಂದ ಕಾಲು ತೆಗೆದೆ. ಅಷ್ಟು ದೊಡ್ಡ ಹಾಲ್ ಹಗಲು ಹೊತ್ತಿನಲ್ಲಿ ಹಾಗೆ ನಿಶ್ಶಬ್ದವಾದದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

"ತೆಗಿ ಅಂದ್ನಲ್ಲ" ಅಂದರು ಮ್ಯಾನೇಜರ್, ಈಗ ಜೋರಾಗಿ.

ಅಕ್ಕ ಒಂದು ಸಲ ನಮ್ಮೆಲ್ಲರ ಕಡೆ ನೋಡಿದಳು. ಆಮೇಲೆ ರೇಡಿಯೊಗೆ ಚುಚ್ಚಿದ್ದ ಪಿನ್ನನ್ನು ಎಳೆದು ತೆಗೆದಳು. ಕಿವಿಯೊಳಗೆ ಹೋಗುತ್ತಿದ್ದ ದನಿ ರೇಡಿಯೊದ ಬಾಯಿಂದಲೇ ಹೊರಗೆ ಬಂತು. ತೆಂಗಿನಮರಕ್ಕೆ ತಗಲುವ ಕಪ್ಪು ದುಂಬಿಯ ಕಾಟ, ಅದಕ್ಕೆ ಮರಳು ಬೆರೆಸಿದ ಬೇವಿನ ಹಿಂಡಿ. ಕೂಲಿಯ ಮಾತೇ ಇಲ್ಲ. ನಮ್ಮಲ್ಲಿ ಯಾರಿಗೂ ತೆಂಗಿನಮರ ಇರಲಿಲ್ಲ. ಆದರೂ ಯಾರೂ ನಗಲಿಲ್ಲ, ಯಾರೂ ಮೆಷಿನ್ ಹಚ್ಚಲಿಲ್ಲ. ರೈತರಿಗೆ ಹೇಳುತ್ತಿದ್ದ ಆ ಪಾಠ ಮುಗಿಯುವವರೆಗೂ ಎಲ್ಲರೂ ಕೈಕಟ್ಟಿ ಕೂತು ಕೇಳಿದೆವು. ಮ್ಯಾನೇಜರ್ ಅರ್ಧದಲ್ಲೇ ಮೆಟ್ಟಿಲು ಹತ್ತಿ ಹೋದರು.

ಹಡಗಿಗೆ ಹೋಗಬೇಕಾದ ಸರಕು ಬಾಕಿ ಇತ್ತು, ಹಾಗಾಗಿ ಅಂದು ಅವಳಿಗೆ ಏನೂ ಮಾಡಲಿಲ್ಲ. ಸರಕು ಹೋದ ಮರುದಿನ ಬೆಳಿಗ್ಗೆ ವಾಚ್‌ಮನ್ ಗೇಟಿನಲ್ಲಿ ಅವಳನ್ನು ಮಾತ್ರ ತಡೆದ. ನಾವು ಒಂದಷ್ಟು ಜನ ಅಲ್ಲೇ ರಸ್ತೆಯ ಮೇಲೆ ಕೂತೆವು. ಅಕ್ಕನೇ ನಮ್ಮನ್ನು ಬೈದು ಎಬ್ಬಿಸಿದಳು.

"ಒಳಗ್ ಹೋಗ್ರೇ. ಇಲ್ಲಿ ಕೂತ್ರೆ ನನ್ ಜೊತೆ ನೀವೂ ಮನೆಗೆ. ಒಳಗಿದ್ದು ಕೇಳಿ. ದಿನಾ ಕೇಳಿ." ಆಮೇಲೆ ನನ್ನ ಕಡೆ ತಿರುಗಿ, "ನೀನು ಓದಿದೋಳು. ಮೊದಲು ನೀನ್ ಕೇಳು" ಅಂದಳು.

ಕೇಳಿದೆ. ಮೊದಲ ಸಲ ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಎರಡನೆಯ ತಿಂಗಳು ನಾಲ್ಕು ಜನ ಜೊತೆಯಾದರು. ಕಾರ್ಮಿಕ ಇಲಾಖೆಗೆ ಅರ್ಜಿ ಬರೆದವಳೂ ನಾನೇ, ಅಲ್ಲಿಯ ಬೆಂಚಿನ ಮೇಲೆ ದಿನಗಟ್ಟಲೆ ಕಾದವಳೂ ನಾನೇ. ಮಳೆಗಾಲ ಮುಗಿಯುವ ಹೊತ್ತಿಗೆ ಕೂಲಿ ಹೆಚ್ಚಾಯಿತು. ಹಿಂದಿನ ಬಾಕಿ ಸಿಗಲಿಲ್ಲ, ಅಕ್ಕನ ಕೆಲಸವೂ ಸಿಗಲಿಲ್ಲ. ಹೆಚ್ಚಿದ ಸಂಬಳ ಬಂದ ದಿನ ಅವಳು ಗೇಟಿನ ಹೊರಗೆ ನಿಂತಿದ್ದಳು. "ಎಲ್ಲಾರ್ಗೂ ಬಂತಾ?" ಅಂತ ಒಬ್ಬೊಬ್ಬರನ್ನೂ ವಿಚಾರಿಸಿ, ಬಂತು ಅಂತ ಖಾತ್ರಿಯಾದ ಮೇಲೆ ಹೊರಟುಹೋದಳು. ನಾವು ಕೊಡಲು ಹೋದದ್ದರಲ್ಲಿ ಹೂವನ್ನು ಮಾತ್ರ ತಗೊಂಡಳು.

ಆಮೇಲೆ ಸಿದ್ದಾಪುರದ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ ಮೆಷಿನ್. ನಾನು ಸಂಜೆ ಕಾಲೇಜಿಗೆ ಸೇರುತ್ತೇನೆ ಅಂದಾಗ, ಅಳತೆ ಕೂಡ ತಗೊಳ್ಳದೆ, ಮುಂಚಿನಿಂದ ನನ್ನನ್ನು ನೋಡಿದ ಅಂದಾಜಿನಲ್ಲೇ ಎರಡು ರವಿಕೆ ಹೊಲಿದುಕೊಟ್ಟಳು. ತೋಳು ಎಲ್ಲೂ ಹಿಡಿಯಲಿಲ್ಲ.

ಆ ದಶಕ ಮುಗಿಯುವ ಮುಂಚೆಯೇ ಕಾಮಾಲೆ ಅವಳನ್ನು ತೆಗೆದುಕೊಂಡು ಹೋಯಿತು. ಸುದ್ದಿ ತಿಳಿದು ನಮ್ಮ ಸಾಲಿನ ಹೆಂಗಸರು, ಬೇರೆಬೇರೆ ಫ್ಯಾಕ್ಟರಿಗಳಿಗೆ ಚದುರಿದ್ದವರು, ಕೆಲಸ ಬಿಟ್ಟು ಬಂದರು. ಹೆಣ ಹೊರಟು ಬೀದಿಯ ತಿರುವಿಗೆ ಬಂದಾಗ ಹಿರಿಯರೊಬ್ಬರು ಕೈ ಅಡ್ಡ ಹಿಡಿದರು.

"ಹೆಂಗಸ್ರೆಲ್ಲ ಇಲ್ಲಿಂದ ವಾಪಸ್ ಹೋಗಿ."

"ನಾವು ಬರ್ತೀವಿ" ಅಂದೆ.

"ಪದ್ಧತಿ ಇಲ್ಲಮ್ಮ."

"ಗೊತ್ತು. ಬರ್ತೀವಿ."

ಹೆಣಕ್ಕೆ ಹೆಗಲು ಕೊಟ್ಟಿದ್ದ ಅವಳ ತಮ್ಮ ತಿರುಗಿ ನೋಡಿ, "ಬರ್ಲಿ ಬಿಡಿ" ಅಂದ. ಹಿರಿಯರ ಕೈ ಇನ್ನೂ ಅಡ್ಡವೇ ಇತ್ತು. ಮಡಿವಾಳದವಳು ಅದರ ಕೆಳಗೆ ಬಗ್ಗಿ ನಡೆದಳು, ಅವಳ ಹಿಂದೆ ನಾನು, ನನ್ನ ಹಿಂದೆ ಉಳಿದವರು. ಸ್ಮಶಾನದಲ್ಲಿ ನಾವು ಒಬ್ಬೊಬ್ಬರೂ ಹಿಡಿ ಹಿಡಿ ಮಣ್ಣು ಹಾಕಿದೆವು. ಗುಂಡಿ ಪೂರ್ತಿ ಮುಚ್ಚುವವರೆಗೂ ಅಲ್ಲಿಂದ ಕದಲಲಿಲ್ಲ.